ಡೇರಿ ಚುನಾವಣೆಗಿರುವ ಪೈಪೋಟಿ ಶಾಲೆ ಸಮಿತಿಗೆ ಯಾಕಿಲ್ಲ?

ಹಾಲಿನ ಡೇರಿ ಚುನಾವಣೆ ಬಂತೆಂದರೆ ನಮ್ಮ ಕಡೆ ಹದಿನೈದು ದಿನ ನಿದ್ದೆಯಿಲ್ಲ. ಅರಸೀಕೆರೆ ತಾಲೂಕಿನ ಜಾವಗಲ್ ಕಡೆಯಿರಲಿ, ಪಕ್ಕದ ಬೇಲೂರು ತಾಲೂಕಿನ ಹಳೇಬೀಡು ಕಡೆಯಿರಲಿ, ಎಲ್ಲಾ ಊರಲ್ಲೂ ಇದೇ ಕಥೆ. ಎರಡು ಗುಂಪು, ಮನೆ ಮನೆಗೆ ಓಡಾಟ, ರಾತ್ರಿ ಬಾಡೂಟ. ಅಣ್ಣ ತಮ್ಮಂದಿರು ಮಾತು ಬಿಟ್ಟದ್ದೂ ಇದೆ.

ಅದೇ ಊರಿನಲ್ಲಿ ನಿಂತು, ನಿಮ್ಮ ಸರಕಾರಿ ಶಾಲೆಯ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿ ನೋಡಿ. ‘ಮೇಷ್ಟ್ರಿಗೆ ಗೊತ್ತಿರಬೇಕು ಕಣ್ರೀ’ ಎನ್ನುತ್ತಾರೆ. ಡೇರಿಗೆ ನಾವು ಹಾಕುವುದು ಹಾಲು. ಶಾಲೆಗೆ ಹಾಕುವುದು ಮಕ್ಕಳನ್ನು. ಹಾಲಿನ ಲೆಕ್ಕ ಕೇಳುವ ನಾವು ಮಕ್ಕಳ ಲೆಕ್ಕ ಕೇಳುವುದಿಲ್ಲ. ನಮ್ಮೂರಿನಲ್ಲಿ ಒಂದು ಸಲ ಕೇಳಿದ್ದಾಯಿತು. ಅದರಿಂದ ಏನಾಯಿತು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಈ ಹಕ್ಕು ಬಂದದ್ದು ಹೇಗೆ?

ನಾನು ಓದುವಾಗ ಶಾಲೆ ಎಂದರೆ ಮೇಷ್ಟ್ರದು ಮತ್ತು ಸರಕಾರದ್ದು. ತಂದೆತಾಯಿಗೆ ಅಲ್ಲಿ ಕೆಲಸವಿರಲಿಲ್ಲ. ಆಮೇಲೆ ಊರ ಮುಖಂಡರು, ಪಂಚಾಯ್ತಿಯವರು ಇರುವ ಸಮಿತಿಗಳು ಬಂದವು. ಅವುಗಳಲ್ಲಿ ಮಕ್ಕಳನ್ನು ಅದೇ ಶಾಲೆಗೆ ಕಳಿಸುವವರು ಇರಲೇಬೇಕೆಂದೇನೂ ಇರಲಿಲ್ಲ.

ವಿಜ್ಞಾನಿ ರಾಜಾ ರಾಮಣ್ಣ ಅವರ ಮುಂದಾಳತ್ವದಲ್ಲಿ ಸರಕಾರ ಒಂದು ಶಿಕ್ಷಣ ಕಾರ್ಯಪಡೆ ಮಾಡಿತ್ತು. ಅದರ ಸಲಹೆಯ ಮೇಲೆ 2001ರ ಏಪ್ರಿಲ್‌ನಲ್ಲಿ ಸರಕಾರ ಆದೇಶ ಹೊರಡಿಸಿತು. ಅಲ್ಲಿಂದ ಶುರುವಾದದ್ದೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಾವು ಎಸ್‌ಡಿಎಂಸಿ ಎನ್ನುತ್ತೇವೆ. ಪೋಷಕರೆಲ್ಲ ಸೇರಿ ತಮ್ಮಲ್ಲೇ ಒಂಬತ್ತು ಜನರನ್ನು ಆರಿಸಬೇಕು, ಅಧ್ಯಕ್ಷರೂ ಪೋಷಕರೇ ಆಗಿರಬೇಕು ಎಂದಾಯಿತು. ಆಗ ನನ್ನ ಮಗ ಎರಡನೇ ಕ್ಲಾಸಿನಲ್ಲಿದ್ದ. ನಮ್ಮ ಶಾಲೆಯ ಮೊದಲ ಒಂಬತ್ತರಲ್ಲಿ ನಾನೂ ಒಬ್ಬ.

ಮುಂದೆ 2009ರಲ್ಲಿ ಕೇಂದ್ರದ ಶಿಕ್ಷಣ ಹಕ್ಕು ಕಾಯಿದೆ ಬಂತು. 2010ರ ಏಪ್ರಿಲ್ 1ರಿಂದ ಜಾರಿ. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಮಂದಿ ಆ ಶಾಲೆಯ ಮಕ್ಕಳ ತಂದೆತಾಯಿ ಇಲ್ಲವೇ ಪೋಷಕರಾಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಆ ಕಾಯಿದೆಯಲ್ಲೇ ಬರೆದಿದೆ. ನಮ್ಮ ರಾಜ್ಯದಲ್ಲಿ ಈಗ ಪೋಷಕ ಸದಸ್ಯರು 18. ಅವಧಿ ಮೂರು ವರ್ಷ. ಮುಖ್ಯ ಶಿಕ್ಷಕರು ಕಾರ್ಯದರ್ಶಿ.

ಸಮಿತಿಯ ಕೆಲಸವೆಂದರೆ ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸುವುದು, ಸಿಹಿ ಹಂಚುವುದು ಅಷ್ಟೇ ಅಲ್ಲ. ಶಾಲೆ ನಡೆಯುವುದನ್ನು ನೋಡಿಕೊಳ್ಳಬೇಕು. ಮುಂದಿನ ವರ್ಷಗಳಿಗೆ ಏನು ಬೇಕೆಂದು ಅಭಿವೃದ್ಧಿ ಯೋಜನೆ ಬರೆಯಬೇಕು. ಬಂದ ದುಡ್ಡು ಎಲ್ಲಿ ಹೋಯಿತೆಂದು ನೋಡಬೇಕು. ಇದೆಲ್ಲ ಕಾಯಿದೆಯಲ್ಲೇ ಇರುವುದು.

ಪಟ್ಟಿ ಮೊದಲೇ ತಯಾರು

ಕಾಯಿದೆ ಏನೇ ಹೇಳಲಿ, ಬರಬರುತ್ತಾ ನಮ್ಮೂರಿನಲ್ಲಿ ಆಯ್ಕೆ ಎನ್ನುವುದು ಒಂದು ಚೀಟಿಯ ಕೆಲಸವಾಗಿತ್ತು. ಊರಿನ ಒಬ್ಬ ಯಜಮಾನರು ಹೆಸರು ಬರೆದು ಕೊಡುತ್ತಿದ್ದರು. ಮೇಷ್ಟ್ರು ಅದನ್ನು ಪುಸ್ತಕಕ್ಕೆ ಏರಿಸುತ್ತಿದ್ದರು. ‘ಅವಿರೋಧ ಆಯ್ಕೆ’ ಎಂದು ಸಿಹಿ ಹಂಚುತ್ತಿದ್ದರು. ಯಜಮಾನರ ಮನೆ ಮಕ್ಕಳು ಹಳದಿ ವ್ಯಾನು ಹತ್ತಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಾರೆ.

ಇತ್ತ ಶಾಲೆ ಸೊರಗುತ್ತಿತ್ತು. ನನ್ನ ಮಗ ಓದುವಾಗ ನೂರರ ಹತ್ತಿರ ಮಕ್ಕಳಿದ್ದರು. 2024ರ ಜೂನ್‌ನಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ ಸೇರಿ 34. ಇದ್ದ ಇಬ್ಬರು ಮೇಷ್ಟ್ರಲ್ಲಿ ಒಬ್ಬರನ್ನು ನಿಯೋಜನೆ ಎಂದು ಬೇರೆ ಕಡೆ ಹಾಕಿದ್ದರು. ಉಳಿದ ಒಬ್ಬರು ನಲಿ-ಕಲಿಯ ಒಂದು, ಎರಡು, ಮೂರನೇ ಕ್ಲಾಸು ನೋಡಬೇಕು, ನಾಲ್ಕು ಐದಕ್ಕೂ ಪಾಠ ಹೇಳಬೇಕು, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು. ಅವರು ಮೀಟಿಂಗಿಗೆ ಹೋದ ದಿನ ಅಡುಗೆಯವರೇ ಮಕ್ಕಳನ್ನು ಕಾಯುತ್ತಿದ್ದರು.

ಕಾನ್ವೆಂಟಿಗೆ ಹಾಕೋಣವೆಂದರೆ ಫೀಸು, ವ್ಯಾನು, ಬಟ್ಟೆ ಸೇರಿ ಒಂದು ಮಗುವಿಗೆ ವರ್ಷಕ್ಕೆ ರೂ. 24,000 ಕೇಳಿದರು. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ ರೂ. 12,000. ಅಂದರೆ ಒಂದು ಮಗುವಿಗೆ ಎರಡು ಕ್ವಿಂಟಾಲ್ ಕೊಬ್ಬರಿ. ಬರದ ವರ್ಷಗಳಲ್ಲಿ ಸುಳಿ ಒಣಗಿ ಹೋದ ಮೇಲೆ ನಮ್ಮಲ್ಲಿ ಉಳಿದ ಫಸಲಿನ ಮರ ನಲವತ್ತು ಚಿಲ್ಲರೆ. ಇದರಲ್ಲಿ ಮನೆ ನಡೆಯಬೇಕೋ, ವ್ಯಾನು ನಡೆಯಬೇಕೋ?

ಸೊಸೆ ನಿಲ್ಲುತ್ತೇನೆ ಎಂದಳು

ಮಗ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾನೆ. ಸೊಸೆ ನಮ್ಮ ಜೊತೆಗಿದ್ದಾಳೆ. ಎರಡು ಹಸು, ಎರಡು ಎಕರೆ ರಾಗಿ ಹೊಲ ಅವಳ ಕೈಯಲ್ಲೇ. ಪಿಯುಸಿ ಓದಿದವಳು. ಮೊಮ್ಮಗ ಆಗ ಮೂರನೇ ಕ್ಲಾಸು. ಕೂಡಿಸುವ ಲೆಕ್ಕದಲ್ಲಿ ದಶಕ ಮೇಲಕ್ಕೆ ಒಯ್ಯಲು ಅವನಿಗೆ ಬರುತ್ತಿರಲಿಲ್ಲ. ‘ಮಾವ, ಈ ಸಲ ಸಮಿತಿಗೆ ನಾನು ನಿಂತ್ಕೋತೀನಿ’ ಎಂದಳು.

ನಮ್ಮ ಮನೆಯವಳಿಗೆ ಇಷ್ಟವಿರಲಿಲ್ಲ. ‘ಬಿತ್ತನೆ ಕಾಲದಲ್ಲಿ ಊರೋರ ಕೂಡೆ ನಿಷ್ಠುರ ಕಟ್ಕೋಬ್ಯಾಡ ಕಣವ್ವ. ನಮ್ಮ ಹೊಲಕ್ಕೆ ಬರೋದು ಅವರ ಟ್ರ್ಯಾಕ್ಟರೇ’ ಎಂದಳು. ಮಾತು ಸುಳ್ಳಲ್ಲ. ಮಳೆ ಆಶ್ರಯದ ಬೇಸಾಯದಲ್ಲಿ ಹದ ಇರುವುದೇ ಎರಡು ಮೂರು ದಿನ. ಆ ದಿನ ಟ್ರ್ಯಾಕ್ಟರು ಬರದಿದ್ದರೆ ಬಿತ್ತನೆ ಹಿಂದೆ ಬೀಳುತ್ತದೆ. ಶಾಲೆ ಸಮಿತಿಗೆ ಪೈಪೋಟಿ ಇಲ್ಲದ್ದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ಇನ್ನೊಬ್ಬರ ಟ್ರ್ಯಾಕ್ಟರು, ಬೋರಿನ ನೀರು, ಕೈಸಾಲ ನೆಚ್ಚಿಕೊಂಡವನು ಎದುರು ಮಾತಾಡುವ ಮುಂಚೆ ಹತ್ತು ಸಲ ಯೋಚಿಸುತ್ತಾನೆ.

ಸೊಸೆ ಮೂರು ಸಂಜೆ ಶಾಲೆಗೆ ಮಕ್ಕಳನ್ನು ಕಳಿಸುವ 26 ಮನೆಗೂ ಹೋಗಿ ಬಂದಳು. ಓಟು ಕೊಡಿ ಎಂದು ಕೇಳಲಿಲ್ಲ. ‘ಸಭೆಗೆ ಬನ್ನಿ’ ಎಂದಷ್ಟೇ ಕೇಳಿದಳು.

ಸೋಮವಾರದ ಸಭೆ

ಸಭೆ ಇಟ್ಟಿದ್ದು ಜುಲೈನ ಒಂದು ಗುರುವಾರ, ಬೆಳಿಗ್ಗೆ 11ಕ್ಕೆ. ಪುನರ್ವಸು ಮಳೆ ಹಿಡಿದಿತ್ತು. ಆ ಹೊತ್ತಿಗೆ ಹೊಲ ಬಿಟ್ಟು ಬರುವವರು ಯಾರು? ಯಾರೂ ಬರದಿದ್ದರೆ ಪಟ್ಟಿಯೇ ಗತಿ. ಏಳು ತಾಯಂದಿರು ಸಹಿ ಹಾಕಿ, ಸಭೆಯನ್ನು ಸೋಮವಾರ ಮಧ್ಯಾಹ್ನ ಮೂರೂವರೆಗೆ ಇಡಿ ಎಂದು ಮೇಷ್ಟ್ರಿಗೆ ಅರ್ಜಿ ಕೊಟ್ಟರು. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ. ಮೇಷ್ಟ್ರು ಒಪ್ಪಿದರು. 26 ಮನೆಯಲ್ಲಿ 22 ಮನೆಯವರು ಬಂದರು.

ಪಟ್ಟಿ ಓದಿದರು. ಸೊಸೆ ಎದ್ದು ನಿಂತಳು. ‘ಸಾರ್, ಇವರ ಮಕ್ಕಳು ಯಾವ ಕ್ಲಾಸಲ್ಲಿದಾರೆ ಅಂತ ಹಾಜರಿ ಪುಸ್ತಕ ನೋಡಿ ಹೇಳಿಬಿಡಿ’ ಎಂದಳು. ಜಗಳವಿಲ್ಲ, ಕೂಗಾಟವಿಲ್ಲ. ಪುಸ್ತಕ ತೆರೆದು ನೋಡಿದರೆ ಹದಿನೆಂಟರಲ್ಲಿ ಐದು ಹೆಸರಿನವರ ಮಕ್ಕಳು ಆ ಶಾಲೆಯಲ್ಲೇ ಇರಲಿಲ್ಲ. ಆ ಐದೂ ಬಿದ್ದುಹೋದವು. ಹೆಂಗಸರ ಹೆಸರಿದ್ದ ಕಡೆ ಗಂಡಂದಿರು ಬಂದು ಕೂತಿದ್ದರು. ಅವರ ಹೆಂಡಿರನ್ನು ಮನೆಯಿಂದ ಕರೆಸಿದರು. ಖಾಲಿಯಾದ ಐದು ಜಾಗಕ್ಕೆ ಏಳು ಜನ ನಿಂತರು. ಕೈ ಎತ್ತಿಸಿ ಎಣಿಸಿದರು. ಸೊಸೆಗೆ 15 ಕೈ ಬಂತು. ಕೂಲಿಗೆ ಹೋಗುವ ಇಬ್ಬರು ತಾಯಂದಿರೂ ಆರಿಸಿ ಬಂದರು.

ಅಧ್ಯಕ್ಷ ಸ್ಥಾನಕ್ಕೂ ಅವಳು ನಿಂತಳು. ಸದಸ್ಯರು ಚೀಟಿಯಲ್ಲಿ ಬರೆದು ಹಾಕಿದರು. ಅವಳಿಗೆ 8, ಇನ್ನೊಬ್ಬರಿಗೆ 10. ಗೆದ್ದವರು ಯಜಮಾನರ ಕಡೆಯವರೇ. ಆದರೆ ಅವರ ಮಗಳು ಇದೇ ಶಾಲೆಯ ನಾಲ್ಕನೇ ಕ್ಲಾಸು. ವ್ಯತ್ಯಾಸ ಅಲ್ಲೇ ಇರುವುದು. ಯಾವ ಗುಂಪಿನವರಾದರೂ ಸರಿ, ಮಗು ಅದೇ ಬೆಂಚಿನ ಮೇಲೆ ಕೂತಿದ್ದರೆ ಶಾಲೆಯ ಚಿಂತೆ ತಾನಾಗಿ ಬರುತ್ತದೆ.

ಆ ವರ್ಷ ನಮ್ಮ ಹೊಲಕ್ಕೆ ಊರಿನ ಟ್ರ್ಯಾಕ್ಟರು ಬರಲಿಲ್ಲ. ಪಕ್ಕದೂರಿನಿಂದ ತರಿಸಿದೆವು. ಗಂಟೆಗೆ ರೂ. 100 ಹೆಚ್ಚು, ಬಿತ್ತನೆ ಐದು ದಿನ ತಡ. ಆದರೂ ರಾಗಿ ಕೈಗೆ ಬಂತು.

ಒಂದು ವರ್ಷದಲ್ಲಿ ಆದದ್ದು

ಸಮಿತಿ ಈಗ ತಿಂಗಳಿಗೊಂದು ಸೋಮವಾರ ಸೇರುತ್ತದೆ. ಮೊದಲು ಹಿಡಿದದ್ದು ಮೇಷ್ಟ್ರ ವಿಚಾರ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ ಪಟ್ಟಿಯಲ್ಲೇ ಇದೆ. ಇದನ್ನು ಠರಾವಿನಲ್ಲಿ ಬರೆದು ಮೇಲಿನ ಕಚೇರಿಗೆ ಕಳಿಸಿದರು. ಉತ್ತರವಿಲ್ಲ. ಮತ್ತೆ ಕಳಿಸಿದರು. ಮೂರನೇ ಠರಾವನ್ನು ಎಂಟು ಮಂದಿ ಬಸ್ಸು ಹತ್ತಿ ಹೋಗಿ ಕೈಯಾರೆ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದರು. ನವೆಂಬರ್‌ನಲ್ಲಿ ಒಬ್ಬರು ಅತಿಥಿ ಶಿಕ್ಷಕಿ ಬಂದರು. ಹೋದ ಮೇಷ್ಟ್ರು ತಿರುಗಿ ಬಂದಿಲ್ಲ. ಆ ಕೆಲಸ ಇನ್ನೂ ಬಾಕಿ.

ಎರಡನೆಯದು ದುಡ್ಡು. ಸಮಗ್ರ ಶಿಕ್ಷಣದ ನಿಯಮದ ಪ್ರಕಾರ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷದ ಶಾಲಾ ಅನುದಾನ ರೂ. 25,000. 30 ಅಥವಾ ಅದಕ್ಕೂ ಕಡಿಮೆಯಿದ್ದರೆ ರೂ. 10,000. ಅದರಲ್ಲಿ ನೂರಕ್ಕೆ ಹತ್ತು ಪಾಲು ಸ್ವಚ್ಛತೆಗೆ. ನಮ್ಮಲ್ಲಿ ನಾಲ್ಕು ಮಕ್ಕಳು ಬಿಟ್ಟು ಹೋದರೆ ಅನುದಾನದಲ್ಲಿ ರೂ. 15,000 ಖೋತಾ! ಈ ಲೆಕ್ಕ ಊರಿಗೆ ಗೊತ್ತೇ ಇರಲಿಲ್ಲ. ಈಗ ಬಂದದ್ದು, ಖರ್ಚಾದದ್ದು ಎರಡನ್ನೂ ಜಗಲಿಯ ಕರಿಹಲಗೆಯಲ್ಲಿ ಬರೆಯುತ್ತಾರೆ.

ಮೂರನೆಯದು ನೀರು. ಬೋರಿನ ನೀರು ಸವುಳು. ಬೇಸಿಗೆಯಲ್ಲಿ ಅದೂ ಇಲ್ಲ. ಶೌಚಾಲಯಕ್ಕೆ ಬೀಗ. ಶಾಲೆಯ ಹಳೇ ತೊಟ್ಟಿಗೆ ಸೂರಿನ ನೀರು ತಿರುಗಿಸಿದರು. 600 ಚದರಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1,400 ಲೀಟರ್. ಪೋಲಾದದ್ದು ಕಳೆದರೂ ಸಾವಿರಕ್ಕೆ ಮೋಸವಿಲ್ಲ. ಪೈಪು, ದೋಣಿ ತಗಡು, ಜಾಲರಿ ಸೇರಿ ರೂ. 3,200. ಕೆಲಸ ಪೋಷಕರದ್ದೇ. ಈ ನೀರು ಶೌಚಾಲಯಕ್ಕೆ, ಕೈತೋಟದ ನುಗ್ಗೆ ಕರಿಬೇವಿಗೆ. ಕುಡಿಯಲು ಬಳಸುವುದಿಲ್ಲ.

ನೀವೂ ನಿಲ್ಲುವುದಾದರೆ

• ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆ ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

• ಸಭೆಯ ದಿನ, ಹೊತ್ತು ಬೇಸಾಯಗಾರರಿಗೆ ಹೊಂದುವಂತೆ ಇಡಲು ಬರವಣಿಗೆಯಲ್ಲಿ ಕೇಳಿ. ಐದಾರು ಸಹಿಗಳಿರಲಿ.

• ಪಟ್ಟಿ ಓದುವಾಗ ಹಾಜರಿ ಪುಸ್ತಕ ತೆರೆಸಿ. ಮಗು ಶಾಲೆಯಲ್ಲಿಲ್ಲದಿದ್ದರೆ ಪೋಷಕ ಸದಸ್ಯತ್ವವಿಲ್ಲ.

• ಹೆಂಗಸರ ಜಾಗದಲ್ಲಿ ಹೆಂಗಸರೇ ಕೂರಲಿ, ಅವರೇ ಮಾತಾಡಲಿ.

• ಬಾಯಿಮಾತಿನ ದೂರು ಬೇಡ. ಠರಾವು ಬರೆಸಿ, ನಕಲು ಇಟ್ಟುಕೊಳ್ಳಿ, ಸ್ವೀಕೃತಿ ಮುದ್ರೆ ಹಾಕಿಸಿ.

• ಮೇಷ್ಟ್ರನ್ನು ಎದುರಾಳಿ ಮಾಡಿಕೊಳ್ಳಬೇಡಿ. ಒಬ್ಬರೇ ಐದು ಕ್ಲಾಸು ಎಳೆಯುವವರಿಗೆ ಸಮಿತಿಯೇ ಬಲ.

ಮೊಮ್ಮಗ 2027ಕ್ಕೆ ಐದನೇ ಕ್ಲಾಸು ಮುಗಿಸಿ ಬೇರೆ ಶಾಲೆಗೆ ಹೋಗುವವನು. ಅಲ್ಲಿಗೆ ಅವನ ಹೆಸರಿನಲ್ಲಿ ಸೊಸೆಗೆ ಸಿಕ್ಕ ಜಾಗವೂ ಮುಗಿಯುತ್ತದೆ. ಹಾಗೇ ಆಗಬೇಕು. ಆ ಜಾಗ ಮಗುವಿನ ಜೊತೆ ಬಂದದ್ದು, ಮಗುವಿನ ಜೊತೆಯೇ ಹೋಗಬೇಕು. ಮುಂದೆ ಕೂರುವವರು ಈಗಲೇ ತಯಾರಾಗಬೇಕು.

2025ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಆರು ಮಕ್ಕಳು ಸೇರಿದರು. ಐದು ಮುಗಿಸಿ ಹೋದವರು ಏಳು. ಹಳದಿ ವ್ಯಾನು ಬಿಟ್ಟು ನಮ್ಮ ಶಾಲೆಗೆ ಬಂದವರು ಇಬ್ಬರು. ಒಟ್ಟು 35.