ಗುಡ್ಡದ ಮೇಲೆ ಮಲಗಿದ 34 ಅಕ್ಷರಗಳು

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಿಂದ ಹೈವೇ 101 ಹಿಡಿದು ಉತ್ತರಕ್ಕೆ ಹೊರಟವರಿಗೆ ಸ್ವಲ್ಪ ಹೊತ್ತಿನಲ್ಲೇ ಎಡಗಡೆಯ ಗುಡ್ಡದ ಇಳಿಜಾರಿನಲ್ಲಿ ಭಾರಿ ಗಾತ್ರದ ಬಿಳಿ ಅಕ್ಷರಗಳು ಕಾಣಿಸುತ್ತವೆ: ‘ಸೌತ್ ಸ್ಯಾನ್ ಫ್ರಾನ್ಸಿಸ್ಕೋ, ದಿ ಇಂಡಸ್ಟ್ರಿಯಲ್ ಸಿಟಿ’. ಇಂಗ್ಲಿಷಿನಲ್ಲಿ ಎಣಿಸಿದರೆ ಒಟ್ಟು 34 ಅಕ್ಷರ. ಒಂದೊಂದೂ ಸುಮಾರು 60 ಅಡಿ, ಅಂದರೆ ಐದಂತಸ್ತಿನ ಕಟ್ಟಡದಷ್ಟು ಉದ್ದ. ಲಾಸ್ ಏಂಜಲೀಸಿನ ಬೆಟ್ಟದ ಮೇಲಿರುವ ಹಾಲಿವುಡ್ ಫಲಕವನ್ನು ಸಿನಿಮಾ ನೋಡುವ ಎಲ್ಲರೂ ಬಲ್ಲರು. ಅದು ಎದ್ದದ್ದು 1923ರಲ್ಲಿ, ‘ಹಾಲಿವುಡ್‌ಲ್ಯಾಂಡ್’ ಎಂಬ ಬಡಾವಣೆಯ ನಿವೇಶನ ಮಾರುವುದಕ್ಕೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡಕ್ಕೆ ಸುಣ್ಣದಲ್ಲಿ ಅಕ್ಷರ ಬರೆದದ್ದೂ ಅದೇ 1923ರಲ್ಲಿ. ಹಾಲಿವುಡ್‌ನ ಅಕ್ಷರಗಳು ಆಸರೆಯ ಮೇಲೆ ಎದ್ದು ನಿಂತಿವೆ, ಇಲ್ಲಿನವು ಗುಡ್ಡದ ಮೈಗೆ ಅಂಟಿ ಮಲಗಿವೆ. ಹತ್ತಿರ ಹೋದರೆ ಓದಲು ಬರುವುದಿಲ್ಲ. ಹುಲ್ಲಿನ ನಡುವೆ ಬಿಳಿ ಬಣ್ಣ ಬಳಿದ ಕಾಂಕ್ರೀಟಿನ ಅಗಲವಾದ ಪಟ್ಟಿ ಕಾಣುತ್ತದೆ ಅಷ್ಟೆ. ಓದಬೇಕಾದರೆ ದೂರ ಸರಿಯಬೇಕು. ಸುಣ್ಣದ ಬರಹ ಎಷ್ಟು ಮಳೆ ತಡೆದೀತು? 1929ರಲ್ಲಿ ಅವನ್ನು ಕಾಂಕ್ರೀಟಿನಲ್ಲಿ ಹೊಯ್ದರು. 1996ರಲ್ಲಿ ಈ ಬರಹ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಗುಡ್ಡದ ಹೆಸರೇ ಸೈನ್ ಹಿಲ್ ಎಂದಾಗಿದೆ.

ಈ ಬರಹದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇದು ಜಾಹೀರಾತು, ಅದರಲ್ಲಿ ಸಂಶಯವಿಲ್ಲ. ಬನ್ನಿ, ಇಲ್ಲಿ ಕಾರ್ಖಾನೆ ಹಾಕಿ, ಜಾಗವಿದೆ, ರೈಲಿದೆ, ಕೊಲ್ಲಿಯ ನೀರಿದೆ ಎಂದು ದಾರಿಹೋಕರನ್ನು ಕೂಗಿ ಕರೆಯುವ ಜಾಹೀರಾತು. ಆದರೆ ಅಷ್ಟು ದೊಡ್ಡ ಗುಡ್ಡದ ಮೇಲೆ ಯಾವ ಉಕ್ಕಿನ ಕಂಪನಿಯ ಹೆಸರೂ ಇಲ್ಲ, ಯಾವ ಸಾಹುಕಾರನ ಹೆಸರೂ ಇಲ್ಲ, ಇರುವುದು ಊರಿನ ಹೆಸರು ಮಾತ್ರ. ಒಬ್ಬೊಬ್ಬ ವ್ಯಾಪಾರಿ ತನ್ನ ಅಂಗಡಿಯ ಬೋರ್ಡು ಬರೆಸುವುದು ಎಲ್ಲ ಕಡೆಯೂ ಇರುವ ರೂಢಿ. ತಮ್ಮೆಲ್ಲರ ವ್ಯಾಪಾರ ಊರಿನ ಹೆಸರಿನ ಮೇಲೆ ನಿಂತಿದೆ ಎಂದು ತಿಳಿದು ಊರಿಗೇ ಬೋರ್ಡು ಬರೆಸುವುದಕ್ಕೆ ಬೇರೆಯೇ ಬುದ್ಧಿ ಬೇಕು. ಆ ಬುದ್ಧಿ ಒಬ್ಬರ ತಲೆಯಲ್ಲಿ ಹುಟ್ಟಿದರೂ ನಾಲ್ಕು ಜನ ಒಂದೆಡೆ ಕೂತು ಮಾತಾಡದೆ ಗುಡ್ಡ ಹತ್ತುವುದಿಲ್ಲ. ಸಣ್ಣ ಊರಿನ ವ್ಯಾಪಾರಸ್ಥರ ಕೂಟಗಳು, ಅಮೆರಿಕದವರು ಚೇಂಬರ್ ಎಂದೂ ಮಿಕ್ಸರ್ ಎಂದೂ ನೆಟ್‌ವರ್ಕಿಂಗ್ ಎಂದೂ ಕರೆಯುವ ಆ ಸಂಜೆಯ ಸಭೆಗಳು, ಬರೀ ಕಾರ್ಡು ಹಂಚುವ ಜಾಗಗಳೆಂದು ತಳ್ಳಿಹಾಕುವಂಥವಲ್ಲ ಎನ್ನುವುದಕ್ಕೆ ಈ ಗುಡ್ಡಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಊರಿನ ಇತಿಹಾಸ ಚಿಕ್ಕದು. 1890ರ ದಶಕದಲ್ಲಿ ಷಿಕಾಗೋದ ಮಾಂಸೋದ್ಯಮಿ ಗುಸ್ತಾವಸ್ ಸ್ವಿಫ್ಟ್ ಮತ್ತು ಜೊತೆಗಾರರು ಇಲ್ಲಿ ಕಸಾಯಿಖಾನೆ, ದನದ ದೊಡ್ಡಿಗಳನ್ನು ಕಟ್ಟಿದರು. ಸೌತ್ ಷಿಕಾಗೋ, ಸೌತ್ ಒಮಾಹಾ ಎಂಬ ಹೆಸರುಗಳ ಧಾಟಿಯಲ್ಲೇ ಇದಕ್ಕೂ ಹೆಸರು ಬಿತ್ತು. ಮಹಾನಗರಕ್ಕೂ ಇದಕ್ಕೂ ನಡುವೆ ಡೇಲಿ ಸಿಟಿ, ಬ್ರಿಸ್ಬೇನ್ ಎಂಬ ಬೇರೆ ಊರುಗಳೇ ಇವೆ. ಆಡಳಿತವೂ ಬೇರೆ, ಜಿಲ್ಲೆಯೂ ಬೇರೆ. 1908ರಲ್ಲಿ ಇದು ಪುರಸಭೆಯಾಯಿತು. ಉಕ್ಕು, ಬಣ್ಣ, ಪೈಪು, ಯುದ್ಧಕಾಲದಲ್ಲಿ ಹಡಗು, ಹೀಗೆ ಹೊಗೆಯ ಊರಾಗಿ ಬೆಳೆಯಿತು. ಆ ಹೊಗೆ ಆರಿದ ಮೇಲೆ, 1978ರ ಹೊತ್ತಿಗೆ, ಕೊಲ್ಲಿಯ ದಂಡೆಯ ಗೋದಾಮೊಂದಕ್ಕೆ ಜೆನೆನ್‌ಟೆಕ್ ಎಂಬ ಎಳೆಯ ಕಂಪನಿ ಬಂತು. ಜೀನುಗಳನ್ನು ಕತ್ತರಿಸಿ ಜೋಡಿಸಿ ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ ತಯಾರಿಸಬಹುದೆಂದು ಅದೇ ವರ್ಷ ಜಗತ್ತಿಗೆ ತೋರಿಸಿತು. 1982ರಲ್ಲಿ ಆ ಇನ್ಸುಲಿನ್‌ಗೆ ಸರ್ಕಾರದ ಮಂಜೂರಾತಿ ಸಿಕ್ಕಿತು. ಇವತ್ತು ಊರು ತನ್ನನ್ನು ಜೈವಿಕ ತಂತ್ರಜ್ಞಾನದ ಹುಟ್ಟೂರು ಎಂದು ಕರೆದುಕೊಳ್ಳುತ್ತದೆ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 66,105. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. ಸುತ್ತಲಿನವರ ಬಾಯಲ್ಲಿ ಬರೀ ‘ಸೌತ್ ಸಿಟಿ’.

ಇಂಥ ಊರಿನ ಚೇಂಬರ್ ಆಫ್ ಕಾಮರ್ಸ್ ಮಾಡುವ ಕೆಲಸ ಮೇಲ್ನೋಟಕ್ಕೆ ಸಾಧಾರಣ. ಹೊಸ ಅಂಗಡಿ ತೆರೆದರೆ ರಿಬ್ಬನ್ ಕತ್ತರಿಸುವುದು, ವರ್ಷಕ್ಕೊಮ್ಮೆ ಮೇಯರ್ ಭಾಷಣಕ್ಕೆ ಊಟದ ಏರ್ಪಾಡು, ಉದ್ಯಾನದಲ್ಲಿ ಸಂಗೀತ ನಡೆದರೆ ಮಳಿಗೆ ಹಾಕುವುದು. ಇವೆಲ್ಲದರ ನಡುವೆ ಬೇರಿನಂತೆ ಇರುವುದು ಮಿಕ್ಸರ್. ಅಮೆರಿಕದ ಸಣ್ಣ ಊರುಗಳಲ್ಲೆಲ್ಲ ಅದರ ರೂಪ ಹೆಚ್ಚು ಕಡಿಮೆ ಒಂದೇ. ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಒಬ್ಬ ಸದಸ್ಯರ ಜಾಗದಲ್ಲಿ, ಬ್ಯಾಂಕಿನ ಶಾಖೆಯಲ್ಲೋ ಹೋಟೆಲಿನ ಹಜಾರದಲ್ಲೋ, ಜನ ಸೇರುತ್ತಾರೆ. ಬಾಗಿಲ ಬಳಿಯ ಮೇಜಿನ ಮೇಲೆ ಹೆಸರು ಬರೆದು ಎದೆಗೆ ಅಂಟಿಸಿಕೊಳ್ಳುವ ಚೀಟಿಗಳು, ಪಕ್ಕದಲ್ಲಿ ಒಂದು ಗಾಜಿನ ಬೋಗುಣಿ. ಬಂದವರು ಅದರೊಳಗೆ ತಮ್ಮ ವಿಸಿಟಿಂಗ್ ಕಾರ್ಡು ಹಾಕುತ್ತಾರೆ. ಕೊನೆಯಲ್ಲಿ ಕೈ ಹಾಕಿ ಒಂದನ್ನು ಎತ್ತುತ್ತಾರೆ, ಆ ಕಾರ್ಡಿನವರಿಗೆ ಬಹುಮಾನ. ಬಹುಮಾನಕ್ಕಿಂತ ಮುಖ್ಯವಾದದ್ದು ಆ ಕಾರ್ಡಿನ ಮೇಲಿನ ಹೆಸರು ಮತ್ತು ವೃತ್ತಿಯನ್ನು ಗಟ್ಟಿಯಾಗಿ ಓದುವ ಕ್ಷಣ. ಕೊಳಾಯಿ ರಿಪೇರಿಯವರೋ ದಂತವೈದ್ಯರೋ, ಅದುವರೆಗೆ ಮೂಲೆಯಲ್ಲಿ ನಿಂತಿದ್ದ ಒಬ್ಬರ ಕಡೆ ಇಡೀ ಸಭೆ ತಿರುಗಿ ನೋಡುತ್ತದೆ. ಆತಿಥ್ಯ ವಹಿಸಿದವರಿಗೆ ಎರಡು ನಿಮಿಷ ಮಾತಾಡುವ ಹಕ್ಕು. ಮುಂದಿನ ತಿಂಗಳು ಇನ್ನೊಬ್ಬರ ಜಾಗ. 1905ರಲ್ಲಿ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಕಟ್ಟಿದ ಕ್ಲಬ್ಬಿಗೆ ರೋಟರಿ ಎಂಬ ಹೆಸರು ಬಂದದ್ದೂ ಹೀಗೆ ಸಭೆ ಒಬ್ಬರ ಕಚೇರಿಯಿಂದ ಇನ್ನೊಬ್ಬರದಕ್ಕೆ ಸರದಿಯ ಮೇಲೆ ತಿರುಗುತ್ತಿದ್ದುದರಿಂದ.

ಇಷ್ಟರಿಂದ ಏನು ಸಾಧಿಸಿದಂತಾಯಿತು ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಗಟ್ಟಿಯಾದ ಉತ್ತರ 1973ರಿಂದಲೇ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಆ ವರ್ಷ ಪ್ರಕಟಿಸಿದ ಲೇಖನದಲ್ಲಿ ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಪರಿಚಯದ ಮೂಲಕ ಕೆಲಸ ಗಿಟ್ಟಿಸಿಕೊಂಡವರ ಲೆಕ್ಕವಿದೆ. ಆ ಪರಿಚಿತರನ್ನು ಪದೇಪದೇ ಭೇಟಿಯಾಗುತ್ತಿದ್ದೆವು ಎಂದವರು ಶೇ 16.7. ಆಗೀಗ ಎಂದವರು ಶೇ 55.6. ಅಪರೂಪಕ್ಕೆ ಎಂದವರು ಶೇ 27.8. ಆಪ್ತರಿಗಿಂತ ಮುಖಪರಿಚಯದವರೇ ಹೆಚ್ಚು ಒದಗಿದ್ದಾರೆ. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ಬಳಗದವರಿಂದ. ಮನೆಯವರು, ನೆಂಟರು, ಸಹೋದ್ಯೋಗಿಗಳು ಹೇಗೂ ಸಿಗುತ್ತಾರೆ. ಆಗೀಗ ಮಾತ್ರ ಸಿಗುವವರು ಸಿಗಬೇಕಾದರೆ ಅದಕ್ಕೊಂದು ಜಾಗ, ಒಂದು ವಾರ, ಒಂದು ಗಂಟೆ ಗೊತ್ತುಮಾಡಿರಬೇಕು. ಹಳ್ಳಿಗಳಲ್ಲಿ ಆ ಕೆಲಸವನ್ನು ಸಂತೆ ಮಾಡುತ್ತಿತ್ತು. ಸಂತೆಗೆ ಹೋದವರು ಉಪ್ಪು ಮೆಣಸಿನಕಾಯಿಯ ಜೊತೆ ಎತ್ತಿನ ಸುದ್ದಿ, ಹೆಣ್ಣು ಗಂಡಿನ ಸುದ್ದಿ, ಮಳೆಯ ಸುದ್ದಿಯನ್ನೂ ತರುತ್ತಿದ್ದರು.

ಇದೆಲ್ಲ ಸ್ವಾರ್ಥಕ್ಕೆ ತೊಡಿಸಿದ ಸಮುದಾಯದ ಅಂಗಿ ಎಂಬ ಆಕ್ಷೇಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಮಿಕ್ಸರಿಗೆ ಬರುವವರು ಗಿರಾಕಿ ಹುಡುಕಿಕೊಂಡೇ ಬರುತ್ತಾರೆ. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಐವನ್ ಮಿಸ್ನರ್ ಆರಂಭಿಸಿದ ಬಿಎನ್ಐ ಸಂಸ್ಥೆ ಇದನ್ನು ಮುಚ್ಚಿಡದೆ ನಿಯಮವನ್ನಾಗಿಯೇ ಮಾಡಿಕೊಂಡಿತು. ಒಂದು ಗುಂಪಿನಲ್ಲಿ ಒಂದು ವೃತ್ತಿಗೆ ಒಬ್ಬರೇ, ಪ್ರತಿಯೊಬ್ಬರೂ ಇತರರಿಗೆ ಗಿರಾಕಿ ಕಳಿಸಬೇಕು. ಆದರೆ ಲಾಭದ ಆಸೆ ಇರುವಲ್ಲಿ ಊರಿನ ಹಿತ ಇರಲಾರದು ಎನ್ನುವ ಮಾತನ್ನು ಕನ್ನಡಿಗರು ಒಪ್ಪಬೇಕಾಗಿಲ್ಲ, ಏಕೆಂದರೆ ನಮ್ಮ ಊರುಗಳ ಅನುಭವ ಅದಕ್ಕೆ ವಿರುದ್ಧವಾಗಿದೆ. ಮುಯ್ಯಾಳಿನ ಪದ್ಧತಿಯನ್ನೇ ನೋಡಿ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯಿಂದ ಆಳು, ನಾಳೆ ನಮ್ಮ ನಾಟಿಗೆ ನಿಮ್ಮ ಮನೆಯಿಂದ. ಅದರಲ್ಲಿ ಲೆಕ್ಕವಿದೆ, ಲೆಕ್ಕ ತಪ್ಪಿದರೆ ಮನಸ್ತಾಪವೂ ಇದೆ. ಹಾಗೆಂದು ಅದನ್ನು ಯಾರೂ ಸ್ವಾರ್ಥವೆಂದು ಹಳಿಯಲಿಲ್ಲ. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ, ಮೂರು ಬೇರೆ ಬೇರೆ ಕಸುಬಿನ ಮೂವರು ಸೇರಿ ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲು ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ತಂದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಅಂಗಡಿಯಿಂದ ಅಂಗಡಿಗೆ ದಿನವೂ ನಡೆಯುತ್ತಿದ್ದ ಪಿಗ್ಮಿಯವರಿಗೆ ಯಾರ ವ್ಯಾಪಾರ ಕುದುರಿದೆ, ಯಾರದು ಸೊರಗಿದೆ ಎಂಬುದು ತಮ್ಮ ಕೈಗೆ ಬೀಳುವ ಕಾಸಿನಲ್ಲೇ ಗೊತ್ತಾಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ವಾಣಿಜ್ಯ ಮಂಡಳಿ ಸ್ಥಾಪಿಸಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇತ್ತು: ವರ್ತಕರು ಒಬ್ಬೊಬ್ಬರಾಗಿ ಬಂದರೆ ಅಹವಾಲು, ಒಟ್ಟಾಗಿ ಬಂದರೆ ಅಭಿಪ್ರಾಯ. ಆ ಮಂಡಳಿಯೇ ಇವತ್ತಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಘ, ಅಂದರೆ ಎಫ್‌ಕೆಸಿಸಿಐ.

ಇದಕ್ಕಿಂತ ಬಲವಾದ ಆಕ್ಷೇಪ ಸೌತ್ ಸಿಟಿಯ ನೆಲದಲ್ಲೇ ಇದೆ. ಹೈವೇ 101 ಮತ್ತು ರೈಲುಹಳಿ ಊರನ್ನು ಎರಡಾಗಿ ಸೀಳುತ್ತವೆ. ಪೂರ್ವಕ್ಕೆ, ಕೊಲ್ಲಿಯ ಕಡೆ, ಗಾಜಿನ ಪ್ರಯೋಗಾಲಯಗಳು. ಪಶ್ಚಿಮಕ್ಕೆ ಗ್ರಾಂಡ್ ಅವೆನ್ಯೂದ ಹಳೆಯ ಪೇಟೆ, ಅದರ ಹಿಂದೆ ಮನೆಗಳು, ಮನೆಗಳ ಮೇಲೆ ಆ ಗುಡ್ಡ. ಜೆನೆನ್‌ಟೆಕ್‌ನ ಪೂರ್ಣ ಒಡೆತನವನ್ನು 2009ರಲ್ಲಿ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿ ಸುಮಾರು 4,680 ಕೋಟಿ ಡಾಲರಿಗೆ ಪಡೆಯಿತು. ಅಂಥ ಕಂಪನಿಗೆ ಪೇಟೆಯ ಬೇಕರಿಯವರ ಪರಿಚಯ ಯಾಕೆ ಬೇಕು? ಅದರ ನೆಟ್‌ವರ್ಕ್ ರೋಶ್‌ನ ಊರಾದ ಬಾಸೆಲ್‌ವರೆಗೆ ಹಬ್ಬಿದೆ, ಕೆಲಸಗಾರರು ಬೇರೆ ಊರುಗಳಿಂದ ಬಸ್ಸು, ರೈಲು, ಫೆರಿಗಳಲ್ಲಿ ಬಂದು ಹೋಗುತ್ತಾರೆ. ವಾದ ನ್ಯಾಯವಾಗಿಯೇ ಇದೆ. ಆದರೆ ಅದೇ ಕಂಪನಿಯ ಹುಟ್ಟನ್ನು ನೋಡೋಣ. 1976ರ ಜನವರಿಯಲ್ಲಿ ರಾಬರ್ಟ್ ಸ್ವಾನ್ಸನ್ ಎಂಬ 28 ವರ್ಷದ ಹೂಡಿಕೆದಾರರು ವಿಜ್ಞಾನಿ ಹರ್ಬರ್ಟ್ ಬೋಯರ್ ಅವರ ಹತ್ತು ನಿಮಿಷ ಕೇಳಿಕೊಂಡು ಬಂದವರು. ಹತ್ತು ನಿಮಿಷದ ಮಾತು ಬಿಯರ್ ಅಂಗಡಿಗೆ ಸರಿದು ಮೂರು ಗಂಟೆಯಾಯಿತು. ಇಬ್ಬರೂ ತಲಾ 500 ಡಾಲರ್ ಹಾಕಿ ಕಂಪನಿಯ ಕಾಗದಪತ್ರ ಮಾಡಿಸಿದರು. ಹಣ ಬಲ್ಲವರು ಒಬ್ಬರು, ಜೀನು ಬಲ್ಲವರು ಇನ್ನೊಬ್ಬರು, ಒಬ್ಬರ ಬಳಗದಲ್ಲಿ ಇನ್ನೊಬ್ಬರಿರಲಿಲ್ಲ. ಗ್ರಾನೊವೆಟರ್ ಹೇಳಿದ್ದು ಇದನ್ನೇ. ಆ ಭೇಟಿಯನ್ನು ಯಾವ ಚೇಂಬರೂ ಏರ್ಪಡಿಸಿರಲಿಲ್ಲ ಎನ್ನುವುದು ನಿಜ. ಸ್ವಾನ್ಸನ್ ಅವರಿಗೆ ಫೋನ್ ಮಾಡಿ ಕೇಳುವ ಧೈರ್ಯವಿತ್ತು, ಅದಕ್ಕೆ ಬೆಂಬಲವಾದ ಹಿನ್ನೆಲೆಯೂ ಇತ್ತು. ಆ ಧೈರ್ಯ, ಆ ಹಿನ್ನೆಲೆ ಇಲ್ಲದವರಿಗೆ ಇನ್ನೊಬ್ಬರ ಹತ್ತು ನಿಮಿಷ ಕೊಡಿಸುವುದಕ್ಕೇ ಊರಿಗೆ ಇಂಥ ಸಭೆಗಳು ಬೇಕಾಗುವುದು.

ಇನ್ನೂ ಒಂದು ಮಾತಿದೆ. ದನದ ದೊಡ್ಡಿ ಹೋಯಿತು, ಉಕ್ಕು ಹೋಯಿತು, ಹಡಗುಕಟ್ಟೆ ಹೋಯಿತು, ಊರು ಉಳಿಯಿತು. ದೊಡ್ಡ ಉದ್ಯಮಗಳು ತಮ್ಮ ಲೆಕ್ಕ ನೋಡಿಕೊಂಡು ಬರುತ್ತವೆ, ಹೋಗುತ್ತವೆ. ಆ ನಡುವಿನ ಬರಗಾಲವನ್ನು ದಾಟಿಸುವವರು ಪೇಟೆಯ ಸಣ್ಣವರು. ಪೂರ್ವ ಪಶ್ಚಿಮಗಳ ನಡುವಿನ ಸೀಳನ್ನು ಸ್ವಲ್ಪವಾದರೂ ಹೊಲಿದದ್ದು 2022ರ ಜನವರಿಯಲ್ಲಿ ತೆರೆದ ಹೊಸ ಕ್ಯಾಲ್‌ಟ್ರೇನ್ ನಿಲ್ದಾಣ. ಹಳಿಯ ಅಡಿಯಲ್ಲಿ ನಡೆದುಹೋಗುವ ಸುರಂಗದಾರಿಯೊಂದು ಅಲ್ಲಿದೆ. ಪ್ರಯೋಗಾಲಯದ ಕಡೆಯಿಂದ ಇಳಿದವರು ಆ ಕಡೆ ಹತ್ತಿದರೆ ಗ್ರಾಂಡ್ ಅವೆನ್ಯೂ. ದಾರಿ ಕಟ್ಟುವುದು ಎಂಜಿನಿಯರುಗಳ ಕೆಲಸ. ಅದನ್ನು ತುಳಿಯಲು ಜನರಿಗೊಂದು ನೆಪ ಬೇಕು, ಆ ನೆಪವನ್ನು ಒದಗಿಸುವುದು ಊರಿನ ಕೂಟಗಳ ಕೆಲಸ.

ಈ ಕೂಟಗಳಲ್ಲಿ ನಿಜವಾದ ಕೊರತೆಯೊಂದಿದೆ, ಅದನ್ನು ಮರೆಮಾಚಬಾರದು. ಸಂಜೆ ಐದೂವರೆಗೆ ಸಭೆ ಇಟ್ಟರೆ ಆ ಹೊತ್ತಿಗೆ ಒಲೆಯ ಮುಂದೆ ನಿಂತಿರಬೇಕಾದ ಹೋಟೆಲಿನವರು ಬರಲಾರರು. ಸದಸ್ಯತ್ವದ ಶುಲ್ಕ ಬ್ಯಾಂಕಿಗೆ ಚಿಲ್ಲರೆ, ಒಬ್ಬರೇ ನಡೆಸುವ ಹೊಲಿಗೆ ಅಂಗಡಿಗೆ ಭಾರ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದರೆ ಸ್ಪ್ಯಾನಿಷ್, ಟಗಾಲೊಗ್, ಚೀನೀ ಮಾತಾಡುವ ಅಂಗಡಿಯವರು ಬಂದರೂ ಗೋಡೆಗೆ ಒರಗಿ ನಿಲ್ಲಬೇಕು. ಊರಿಗೆ ಜೀವ ಕೊಡುವವರೇ ಊರಿನ ಸಭೆಯಿಂದ ಹೊರಗುಳಿದರೆ ಗುಡ್ಡದ ಮೇಲಿನ ಹೆಸರಿನಲ್ಲಿ ಅವರ ಪಾಲೆಲ್ಲಿ? ಇದು ಕೂಟ ಬೇಡವೆನ್ನುವುದಕ್ಕೆ ಕಾರಣವಾಗದು. ಬೆಳಗಿನ ಕಾಫಿಗೆ ಸೇರುವುದು, ಪೇಟೆಯ ಅಂಗಡಿಗಳಿಗೆ ಮಂಡಳಿಯವರೇ ನಡೆದು ಹೋಗುವುದು, ಚಿಕ್ಕವರ ಶುಲ್ಕವನ್ನು ದೊಡ್ಡವರು ಹೊರುವುದು, ಇವು ಮಾಡಲಾಗದ ಕೆಲಸಗಳಲ್ಲ. ಪಿಗ್ಮಿಯವರು ಗಿರಾಕಿಗಳನ್ನು ಬ್ಯಾಂಕಿಗೆ ಕರೆಯಲಿಲ್ಲ, ತಾವೇ ಅಂಗಡಿಗೆ ಹೋದರು.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಕನ್ನಡಿಗರಿಗೂ ಇದರಲ್ಲಿ ಹೇಳಬೇಕಾದ್ದಿದೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಲ್ಲೇ ಹುಟ್ಟಿದೆ. 2014ರಲ್ಲಿ ಸ್ಯಾನ್ ಹೋಸೆಯಲ್ಲಿ ‘ಅಕ್ಕ’ ಸಂಘಟನೆಯ ವಿಶ್ವ ಕನ್ನಡ ಸಮ್ಮೇಳನವೂ ನಡೆದಿದೆ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವಗಳಿಗೆ ನಾವು ತಪ್ಪದೆ ಸೇರುತ್ತೇವೆ. ಅವು ಆಪ್ತರ ಕೂಟಗಳು, ಬೇಕೇ ಬೇಕು. ನಾವು ಬಾಡಿಗೆ ಕೊಟ್ಟು, ತೆರಿಗೆ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸುವ ಊರಿನ ಕೂಟಕ್ಕೆ ಮಾತ್ರ ನಮ್ಮಲ್ಲಿ ಹೋಗುವವರು ಕಡಿಮೆ. ವಿಮಾನ ನಿಲ್ದಾಣಕ್ಕೆ ಅಪ್ಪ ಅಮ್ಮನನ್ನು ಕರೆತರಲು ಹೋಗುವಾಗ ಆ ಬಿಳಿ ಅಕ್ಷರಗಳನ್ನು ನೋಡಿ ಮುಂದೆ ಸಾಗುವವರು ನಮ್ಮಲ್ಲಿ ಸಾವಿರಾರು ಜನ. ಒಂದು ಸಂಜೆ ಗ್ರಾಂಡ್ ಅವೆನ್ಯೂದ ತಿರುವಿನಲ್ಲಿ ಇಳಿಯಿರಿ, ಇಲ್ಲವೇ ನಿಮ್ಮದೇ ಊರಿನ ಚೇಂಬರಿನ ಬಾಗಿಲಲ್ಲಿ ಹೆಸರಿನ ಚೀಟಿ ಅಂಟಿಸಿಕೊಂಡು ಒಳಗೆ ಹೋಗಿ. ಗಾಜಿನ ಬೋಗುಣಿಯಲ್ಲಿ ನಿಮ್ಮ ಕಾರ್ಡಿಗೂ ಜಾಗವಿದೆ.