ಜೀವನಾಂಶದ ಮೊಕದ್ದಮೆಗೆ ಕಾಗದಪತ್ರಗಳ ಸಿದ್ಧತೆ: ಹಾಲಿನ ಪಾಸ್ ಪುಸ್ತಕವೂ ಒಂದು ದಾಖಲೆ



ಸಂಸಾರದ ಜಗಳ ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂಬುದೇ ಎಲ್ಲರ ಆಸೆ. ಆದರೆ ಹತ್ತಿದ ಮೇಲೆ ಅಲ್ಲಿ ಬಾಯಿಮಾತಿಗಿಂತ ಕಾಗದಕ್ಕೆ ತೂಕ ಹೆಚ್ಚು. ಕೂಲಿ ಮಾಡುವವರ ಸಂಪಾದನೆಗೆ ಬರಹದ ಗುರುತು ಇರುವುದು ಕಡಿಮೆ. ಡೈರಿಗೆ ಹಾಲು ಹಾಕುವವರ ಸಂಪಾದನೆ ಮಾತ್ರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಂಘದ ಲೆಕ್ಕಕ್ಕೆ ಸೇರುತ್ತದೆ. ಅರ್ಜಿ ಹಾಕಿದ ಹೆಂಡತಿಗೂ, ಉತ್ತರ ಕೊಡಬೇಕಾದ ಗಂಡನಿಗೂ ಈ ಲೆಕ್ಕವೇ ಆಧಾರ. ಅದನ್ನು ಸರಿಯಾಗಿ ಮುಂದಿಡದಿದ್ದರೆ ಒಂದು ಕಡೆ ಮಕ್ಕಳ ಊಟ, ಶಾಲೆಯ ಖರ್ಚಿಗೆ ಸಾಲದ ಮೊತ್ತ ಗೊತ್ತಾಗಬಹುದು. ಇನ್ನೊಂದು ಕಡೆ ಕಟ್ಟಲಾಗದ ಮೊತ್ತ ತಲೆಯ ಮೇಲೆ ಬೀಳಬಹುದು.

ಅರ್ಜಿ ಎಲ್ಲಿಗೆ?

ಹಿಂದೆ ಸಿ.ಆರ್.ಪಿ.ಸಿ. 125ನೇ ಕಲಂ ಎಂದು ಕರೆಯುತ್ತಿದ್ದ ಜೀವನಾಂಶದ ಕಾನೂನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ತನ್ನನ್ನು ತಾನು ಸಾಕಿಕೊಳ್ಳಲಾಗದ ಹೆಂಡತಿ, ಅಪ್ರಾಪ್ತ ಮಕ್ಕಳು, ವಯಸ್ಸಾದ ತಂದೆ-ತಾಯಿ ಇದರಡಿ ಕೇಳಬಹುದು. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿಲ್ಲ ಎಂಬ ಮಿತಿ 2001ರಲ್ಲೇ ಹೋಯಿತು.

ಕೌಟುಂಬಿಕ ನ್ಯಾಯಾಲಯಗಳು 1984ರ ಕಾಯ್ದೆಯಂತೆ ಆದವು. ತುಮಕೂರಿನಲ್ಲಿ ಒಂದು ಇದೆ. ಆ ನ್ಯಾಯಾಲಯದ ವ್ಯಾಪ್ತಿಗೆ ಸೇರದ ಊರಿನವರ ಜೀವನಾಂಶದ ಅರ್ಜಿ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಹೋಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ನ್ಯಾಯಾಲಯಗಳಿವೆ. ನಿಮ್ಮ ಊರು ಯಾವುದಕ್ಕೆ ಸೇರಿದೆ ಎಂದು ಅಲ್ಲಿಯೇ ಮೊದಲು ವಿಚಾರಿಸಿ. ಹೆಂಡತಿ ತವರಿನಲ್ಲಿದ್ದರೆ ತಾನು ಈಗ ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಪಾವಗಡದ ಕಡೆ ಸಂಬಂಧಗಳು ಆಂಧ್ರದ ಮಡಕಶಿರಾ, ಹಿಂದೂಪುರಕ್ಕೂ ಹಬ್ಬಿವೆ. ಅಂಥವರು ತೆಲುಗಿನಲ್ಲಿರುವ ಕಾಗದಗಳಿಗೆ ಅನುವಾದವನ್ನು ಜೊತೆಗಿಡಬೇಕು.

ಆದಾಯದ ಅಫಿಡವಿಟ್

ರಜನೀಶ್ ವಿರುದ್ಧ ನೇಹಾ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ಒಂದು ಮುಖ್ಯ ತೀರ್ಪು ಕೊಟ್ಟಿತು. ಅದರಂತೆ ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಬೇಸಾಯಗಾರರಿಗೆ ಬೇರೆಯೇ ನಮೂನೆ ಇದೆ. ಜಮೀನು ಎಷ್ಟು, ತರಿಯೋ ಖುಷ್ಕಿಯೋ, ಏನು ಬೆಳೆ, ಸಾಲವೆಷ್ಟು ಎಂಬುದರ ಜೊತೆಗೆ ಹಸು, ಎಮ್ಮೆ, ಮೇಕೆ, ಕೋಳಿ ಎಷ್ಟಿವೆ, ಅವುಗಳಿಂದ ಬರುವ ಆದಾಯವೆಷ್ಟು ಎಂದೂ ಅದರಲ್ಲಿ ಕೇಳಿದೆ. ಹೀಗಾಗಿ ಹಾಲಿನ ಹಣವನ್ನು ಬಿಟ್ಟು ಬರೆಯುವಂತಿಲ್ಲ. ಸುಳ್ಳು ಬರೆದರೆ, ಮುಚ್ಚಿಟ್ಟರೆ ಕ್ರಮ ಕೈಗೊಳ್ಳುವ ಅಧಿಕಾರ ನ್ಯಾಯಾಲಯಕ್ಕಿದೆ.

ಹಾಲಿನ ಲೆಕ್ಕ ಬರೆಯುವ ಕ್ರಮ

ಬಟವಾಡೆಯ ಮೊತ್ತವೆಲ್ಲ ಆದಾಯವಲ್ಲ. ಒಂದು ಉದಾಹರಣೆ ನೋಡಿ. ಒಂದು ಮಿಶ್ರತಳಿ ಹಸು ದಿನಕ್ಕೆ 10 ಲೀಟರ್ ಕೊಡುತ್ತದೆ, ಲೀಟರಿಗೆ 35 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 10,500 ರೂಪಾಯಿ ಆಯಿತು. ಪಶು ಆಹಾರಕ್ಕೆ 3,900, ಔಷಧಿ ಮತ್ತು ವಿಮೆಗೆ 600 ಕಳೆದರೆ ಉಳಿಯುವುದು 6,000. ಹಸು ಹಾಲು ಕೊಡುವುದು ಸುಮಾರು 10 ತಿಂಗಳು. ಬತ್ತಿದ 2 ತಿಂಗಳಲ್ಲಿ ಹಾಲಿಲ್ಲ, ಮೇವು ತಪ್ಪುವುದಿಲ್ಲ. ಆ 2 ತಿಂಗಳಿಗೆ 6,000 ಖರ್ಚಾದರೆ ವರ್ಷದ ಉಳಿತಾಯ 54,000, ಅಂದರೆ ತಿಂಗಳಿಗೆ ಸರಾಸರಿ 4,500. ಹೆಚ್ಚು ಹಾಲಿದ್ದ ಒಂದು ತಿಂಗಳ ಬಿಲ್ಲನ್ನಷ್ಟೇ ತೋರಿಸುವುದೂ ಸರಿಯಲ್ಲ, ಬತ್ತಿದ ತಿಂಗಳನ್ನಷ್ಟೇ ತೋರಿಸುವುದೂ ಸರಿಯಲ್ಲ. ಇಡೀ ವರ್ಷದ ಲೆಕ್ಕ ಕೊಡಿ. ಸರ್ಕಾರದ ಪ್ರೋತ್ಸಾಹಧನ, ಸಂಘದ ಬೋನಸ್, ಕರು ಮತ್ತು ಗೊಬ್ಬರ ಮಾರಿದ ಹಣವನ್ನೂ ಸೇರಿಸಿ. ಪಶು ಆಹಾರದ ರಸೀದಿಗಳನ್ನು ಬಿಸಾಡಬೇಡಿ.

ಪಾಸ್ ಪುಸ್ತಕ ಯಾರ ಹೆಸರಿನಲ್ಲಿದೆ?

ಅನೇಕ ಮನೆಗಳಲ್ಲಿ ಹಾಲು ಕರೆಯುವವಳು ಹೆಂಡತಿ, ಸದಸ್ಯತ್ವ ಗಂಡನದು. ಮನೆ ಬಿಟ್ಟು ಬಂದವಳ ಕೈಯಲ್ಲಿ ಪುಸ್ತಕ ಇರುವುದಿಲ್ಲ. ಅಂಥವರು ಸಂಘದ ಹೆಸರು, ಸದಸ್ಯತ್ವ ಸಂಖ್ಯೆ, ರಾಸುಗಳ ಸಂಖ್ಯೆ, ಅಂದಾಜು ಲೀಟರ್ ಬರೆದುಕೊಟ್ಟರೆ ಸಂಘದ ದಾಖಲೆಗಳನ್ನು ತರಿಸುವಂತೆ ವಕೀಲರ ಮೂಲಕ ನ್ಯಾಯಾಲಯವನ್ನು ಕೋರಬಹುದು.

ಇದರ ತಿರುವುಮುರುವೂ ಉಂಟು. ಸದಸ್ಯತ್ವ ಹೆಂಡತಿಯ ಹೆಸರಿನಲ್ಲಿದ್ದು ಹಣ ಗಂಡನ ಕೈ ಸೇರುತ್ತಿದ್ದರೆ, ಪುಸ್ತಕ ನೋಡಿದವರು ಅದನ್ನು ಹೆಂಡತಿಯ ಸಂಪಾದನೆ ಎಂದೇ ತಿಳಿಯುತ್ತಾರೆ. ತಾನು ಯಾವ ತಾರೀಖಿನಿಂದ ಹಾಲು ಹಾಕಿಲ್ಲ, ಹಣ ಯಾರ ಖಾತೆಗೆ ಹೋಗುತ್ತಿದೆ ಎಂದು ಆಕೆ ಅಫಿಡವಿಟ್ಟಿನಲ್ಲಿ ಸ್ಪಷ್ಟವಾಗಿ ಹೇಳಬೇಕು. ನೋಟಿಸು ಬಂದ ಮೇಲೆ ತಮ್ಮನ ಹೆಸರಿಗೋ ತಾಯಿಯ ಹೆಸರಿಗೋ ಹಾಲು ಹಾಕಲು ಶುರು ಮಾಡುವವರಿದ್ದರೆ ಒಂದು ಮಾತು: ಬದಲಾದ ತಾರೀಖೂ ಸಂಘದ ಲೆಕ್ಕದಲ್ಲಿ ಇರುತ್ತದೆ.

ಸಂಘದ ಕಾರ್ಯದರ್ಶಿಗಳು ರಿಜಿಸ್ಟರಿನಲ್ಲಿ ಇದ್ದುದನ್ನು ಇದ್ದಂತೆ ಬರೆದುಕೊಡಬೇಕು. ಯಾರ ಪಕ್ಷವನ್ನೂ ವಹಿಸಬಾರದು.

ಜಮೀನಿನ ಲೆಕ್ಕ

ಪಹಣಿ ತಂದೆಯ ಹೆಸರಿನಲ್ಲಿದ್ದರೆ ವಂಶವೃಕ್ಷ ಮತ್ತು ಮ್ಯುಟೇಷನ್ ಪ್ರತಿ ಇಟ್ಟು ನಿಮ್ಮ ಪಾಲು ಎಷ್ಟೆಂದು ಬರೆಯಿರಿ. ಮಳೆ ನಂಬಿದ ಕಡಲೆಕಾಯಿ, ರಾಗಿಯ ಹೊಲಕ್ಕೂ ಕೊಳವೆಬಾವಿಯ ಅಡಿಕೆ ತೋಟಕ್ಕೂ ಆದಾಯ ಒಂದೇ ಅಲ್ಲ. ಪಹಣಿಯ ಬೆಳೆ ಕಲಂ ಸರಿಯಾಗಿದೆಯೇ ನೋಡಿಕೊಳ್ಳಿ. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ಸೋಲಾರ್ ಪಾರ್ಕಿಗೆ ಜಮೀನನ್ನು ಗುತ್ತಿಗೆ ಕೊಟ್ಟವರಿಗೆ ವರ್ಷವರ್ಷವೂ ಗುತ್ತಿಗೆ ಹಣ ಬರುತ್ತದೆ. ಬೆಳೆ ಇಲ್ಲವೆಂದು ಆ ಹಣವನ್ನು ಬಿಡುವಂತಿಲ್ಲ.

ಜೊತೆಗಿಡಬೇಕಾದ ಕಾಗದಗಳು

1. ಮದುವೆಯ ನೋಂದಣಿ ಪತ್ರ. ಅದಿಲ್ಲದಿದ್ದರೆ ಲಗ್ನಪತ್ರಿಕೆ, ಫೋಟೋ.
2. ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ಶುಲ್ಕದ ರಸೀದಿ.
3. ಆಧಾರ್, ಪಡಿತರ ಚೀಟಿ.
4. ಪಹಣಿ, ಬ್ಯಾಂಕು ಖಾತೆಯ ವಿವರ, ಹಾಲಿನ ಪಾಸ್ ಪುಸ್ತಕ.
5. ಸಾಲದ ಪತ್ರಗಳು, ವೈದ್ಯಕೀಯ ಖರ್ಚಿನ ಚೀಟಿಗಳು.
6. ಹಿಂದೆ ಬೇರೆ ನ್ಯಾಯಾಲಯದಲ್ಲಿ ಜೀವನಾಂಶದ ಆದೇಶ ಆಗಿದ್ದರೆ ಅದರ ಪ್ರತಿ. ಇದನ್ನು ತಿಳಿಸದೆ ಇರುವಂತಿಲ್ಲ.

ಸಲ್ಲಿಸುವ ಕ್ರಮ

ಎಲ್ಲ ಕಾಗದಗಳ ಮೂರು ಜೊತೆ ಪ್ರತಿ ಮಾಡಿಸಿ: ನ್ಯಾಯಾಲಯಕ್ಕೆ ಒಂದು, ಎದುರು ಪಕ್ಷಕ್ಕೆ ಒಂದು, ನಿಮಗೆ ಒಂದು. ತಾರೀಖಿನ ಪ್ರಕಾರ ಜೋಡಿಸಿ, ಪುಟ ಸಂಖ್ಯೆ ಹಾಕಿ, ಮೇಲೆ ಒಂದು ಪಟ್ಟಿ ಇಡಿ. ಅಸಲು ಕಾಗದಗಳನ್ನು ವಿಚಾರಣೆಯ ದಿನ ಜೊತೆಗೆ ಒಯ್ಯಿರಿ. ಯಾರಿಗಾದರೂ ಅಸಲನ್ನು ಕೊಡಬೇಕಾಗಿ ಬಂದರೆ ಸ್ವೀಕೃತಿ ಪಡೆಯಿರಿ. ಅಫಿಡವಿಟ್ಟನ್ನು ಓದಿಸಿಕೊಂಡು ಕೇಳಿ, ಅರ್ಥವಾದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ನಿಮ್ಮ ಮೊಕದ್ದಮೆಗೆ 16 ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ವಾಯಿದೆಯನ್ನು ಮೊಬೈಲಿನಲ್ಲೇ ನೋಡಬಹುದು.

ನೋಟಿಸು ಬಂದವರಿಗೆ

ನೋಟಿಸು ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ ಮೊಕದ್ದಮೆ ನಿಲ್ಲುವುದಿಲ್ಲ. ನಿಮ್ಮ ಮಾತು ಕೇಳದೆಯೇ ಆದೇಶ ಆಗಬಹುದು. ಉತ್ತರ ಮತ್ತು ಅಫಿಡವಿಟ್ ಕೊಡಲು ಸುಪ್ರೀಂ ಕೋರ್ಟು ಹೇಳಿರುವ ಗರಿಷ್ಠ ಅವಧಿ ನಾಲ್ಕು ವಾರ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದೂ ಅದೇ ತೀರ್ಪು ಹೇಳಿದೆ. ಹೀಗಾಗಿ ಎಳೆದಷ್ಟೂ ಬಾಕಿ ಬೆಳೆಯುತ್ತದೆ. ಆದೇಶದ ಹಣ ಕಟ್ಟದಿದ್ದರೆ ಸೆರೆವಾಸವೂ ಆಗಬಹುದು. ಹಣ ಪಡೆಯಬೇಕಾದವರೂ ನೆನಪಿಡಿ: ಬಾಕಿಗೆ ವಾರಂಟು ಹೊರಡಿಸಬೇಕಾದರೆ, ಆ ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಉಚಿತ ಕಾನೂನು ನೆರವು

ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾಯ್ದೆಯಡಿ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ನ್ಯಾಯಾಲಯದ ಆವರಣದಲ್ಲೇ ಕೇಳಿ, ಅಥವಾ 15100ಕ್ಕೆ ಫೋನು ಮಾಡಿ. ಮಕ್ಕಳು ನೋಡಿಕೊಳ್ಳದ ಹಿರಿಯರಿಗೆ ಇನ್ನೊಂದು ದಾರಿಯೂ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅವರು ಮಧುಗಿರಿಯ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು.

ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸುತ್ತದೆ. ಲೆಕ್ಕ ಬಿಚ್ಚಿಟ್ಟವರ ನಡುವೆ ರಾಜಿಯೂ ಬೇಗ ಆಗುತ್ತದೆ, ಏಕೆಂದರೆ ವಾದಕ್ಕೆ ಉಳಿಯುವುದು ಕಡಿಮೆ. ಇಂದೇ ಪಾಸ್ ಪುಸ್ತಕ ತೆಗೆದು ನೋಡಿ. ನಮೂದು ತಪ್ಪಿದ್ದರೆ ಕಾರ್ಯದರ್ಶಿಗಳಿಂದ ಸರಿಪಡಿಸಿಕೊಳ್ಳಿ. ಹಾಲಿನದು ಹಾಲಿಗೆ, ನೀರಿನದು ನೀರಿಗೆ ಎಂಬ ಗಾದೆ ಡೈರಿಯ ಕಟ್ಟೆಯ ಮೇಲೆ ನಿಜವಾಗುವಂತೆ ಕೋರ್ಟಿನ ಕಟ್ಟೆಯ ಮೇಲೂ ನಿಜವಾಗಲಿ.