ಗುಂಡಿನ ಗಾಯವೂ ಕ್ಷ-ಕಿರಣವೂ

1881ನೆಯ ಜುಲೈ 2ರಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನಾಗಿದ್ದ ಜೇಮ್ಸ್ ಗಾರ್‌ಫೀಲ್ಡನಿಗೆ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡು ತಗುಲಿತು. ಗಾಯದೊಳಗನ್ನು ಅರಿಯಲು ಅಂದಿನ ವೈದ್ಯರಿಗಿದ್ದ ಸಾಧನಗಳು ಎರಡೇ: ಶಲಾಕೆ ಮತ್ತು ಬೆರಳು. ತೊಳೆಯದ ಬೆರಳನ್ನೇ ತೂರಿಸಿ ಅವರು ಗುಂಡನ್ನು ಅರಸಿದರು. ಟೆಲಿಫೋನಿನ ನಿರ್ಮಾತೃವಾದ ಗ್ರಹಾಂ ಬೆಲ್ಲನು ಲೋಹವನ್ನು ಶಬ್ದದಿಂದ ಸೂಚಿಸುವ ಯಂತ್ರವೊಂದನ್ನು ತಂದನು. ಹಾಸಿಗೆಯ ಉಕ್ಕಿನ ಸುರುಳಿಗಳು ಅದಕ್ಕೆ ತೊಡಕಾದುವು. ಅದಲ್ಲದೆ ಮುಖ್ಯವೈದ್ಯನು ಬಲಪಾರ್ಶ್ವವನ್ನಲ್ಲದೆ ಬೇರೆಡೆಯನ್ನು ಶೋಧಿಸಗೊಡಲಿಲ್ಲ. ಸೆಪ್ಟೆಂಬರ್ 19ರಂದು ಅಧ್ಯಕ್ಷನು ತೀರಿಕೊಂಡನು. ಶವಪರೀಕ್ಷೆಯಲ್ಲಿ ಗುಂಡು ದೊರೆತದ್ದು ಎಡಭಾಗದಲ್ಲಿ. ಸುತ್ತಲೂ ಪೊರೆಗಟ್ಟಿ ಅದು ಸುಮ್ಮನೆ ಕುಳಿತಿದ್ದಿತು. ಅವನನ್ನು ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಹುಡುಕಾಟದಿಂದುಂಟಾದ ನಂಜೇ ಎಂದು ಅನೇಕರ ಮತ.

ಇದಾದ 14 ವರ್ಷಗಳಿಗೆ, 1895ರಲ್ಲಿ, ರಾಂಟ್‌ಜೆನ್ನನು ಹೊಸ ಕಿರಣವನ್ನು ಕಂಡನು. ಅದರ ಸ್ವರೂಪವು ಅಜ್ಞಾತವೆಂದು ಬೀಜಗಣಿತದ ಅವ್ಯಕ್ತಾಕ್ಷರವನ್ನೇ ಹೆಸರಾಗಿಟ್ಟನು. ನಮ್ಮ ‘ಕ್ಷ-ಕಿರಣ’ದಲ್ಲಿ ಆ ಅರ್ಥವು ಅಳಿದು ಧ್ವನಿಮಾತ್ರ ಉಳಿದಿದೆ. 1897-98ರ ತೀರಾ ದಂಡಯಾತ್ರೆಯಲ್ಲಿ, ಅಂದಿನ ಹಿಂದೂಸ್ಥಾನದ ವಾಯವ್ಯ ಗಡಿಯಲ್ಲಿ, ಬೀವರ್ ಎಂಬ ಸೇನಾವೈದ್ಯನು ಇದರಿಂದ ಗುಂಡುಗಳ ನೆಲೆಯನ್ನು ಗುರುತಿಸಿದನು. 1898ರಲ್ಲಿ ಸೂಡಾನಿನಲ್ಲಿ ಬ್ಯಾಟರ್ಸ್‌ಬಿಯು ಬೈಸಿಕಲ್ಲನ್ನು ತುಳಿಯಿಸಿ ಅದಕ್ಕೆ ಬೇಕಾದ ವಿದ್ಯುತ್ತನ್ನು ಪಡೆದನು!

ಆದರೆ ಚಿತ್ರದಲ್ಲಿ ಕಾಣುವುದು ನೆರಳು. ಒಂದೇ ಚಿತ್ರದಿಂದ ಗುಂಡಿನ ಆಳವು ತಿಳಿಯದು. ಮುಂದಿನಿಂದೊಂದು, ಪಕ್ಕದಿಂದೊಂದು ಚಿತ್ರವನ್ನು ತೆಗೆಯಬೇಕು. ಫಲಕದಿಂದ ದೂರವಿರುವ ಗುಂಡು ಹಿರಿದಾಗಿ ತೋರುವುದರಿಂದ ಅದರ ಗಾತ್ರವನ್ನೂ ಹಾಗೆಯೇ ನಿರ್ಣಯಿಸಲಾಗದು. ಪ್ರತಿಯೊಂದು ಗಾಯದ ಬಾಯಿಗೂ ಲೋಹದ ಚಿಕ್ಕ ಗುರುತನ್ನಂಟಿಸಿ ಚಿತ್ರ ತೆಗೆಯುವುದು ರೂಢಿ. ಗಾಯದ ಬಾಯಿಗಳನ್ನೂ ಒಳಗುಳಿದ ಗುಂಡುಗಳನ್ನೂ ಕೂಡಿದರೆ, ಗುಂಡು ಒಡೆದು ಚೂರಾಗದಿದ್ದಲ್ಲಿ, ಸಮಸಂಖ್ಯೆ ಬರತಕ್ಕದ್ದು. ಬೆಸ ಬಂದಿತೆಂದರೆ ಗುಂಡೋ ಗಾಯವೋ ಒಂದು ಕಣ್ತಪ್ಪಿದೆ. ದೇಹದ ಬೇರೆ ಭಾಗಗಳನ್ನೂ ಚಿತ್ರಿಸಿ ನೋಡಬೇಕು. ಈ ಸುಲಭವಾದ ಲೆಕ್ಕವು ಎಷ್ಟೋ ಜೀವಗಳಿಗೆ ಆಧಾರವಾದುದು.

ಸಿ.ಟಿ. ಯಂತ್ರವು ದೇಹವನ್ನು ಪದರಪದರವಾಗಿ ತೋರಿಸಿ ಗುಂಡು ಸಾಗಿದ ದಾರಿಯನ್ನೇ ತಿಳಿಸುವುದು. ಆದರೂ ರಕ್ತಸ್ರಾವದಿಂದ ನಾಡಿ ಕುಸಿಯುತ್ತಿರುವವನನ್ನು ಅಲ್ಲಿಗೊಯ್ಯುವುದು ಅಪಾಯ. ಅವನನ್ನು ನೇರವಾಗಿ ಶಸ್ತ್ರಚಿಕಿತ್ಸೆಗೆ ಒಯ್ಯತಕ್ಕದ್ದು. ಎಂ.ಆರ್.ಐ. ಯಂತ್ರದ ಪ್ರಬಲವಾದ ಅಯಸ್ಕಾಂತವು ಸೀಸವನ್ನು ಸೆಳೆಯದು, ಉಕ್ಕನ್ನು ಸೆಳೆಯಬಲ್ಲುದು. ಗುಂಡು ಯಾವ ಲೋಹದ್ದೆಂಬುದು ಹೊರನೋಟಕ್ಕೆ ಗೊತ್ತಾಗದು. ಆದಕಾರಣ ಕಣ್ಣು, ಮಿದುಳು, ಬೆನ್ನುಹುರಿಗಳ ಬಳಿ ಚೂರು ಉಳಿದಿರಬಹುದಾದವರನ್ನು ಅದರೊಳಗೆ ಮಲಗಿಸುವ ಮುನ್ನ ಹಳೆಯ ಕ್ಷ-ಕಿರಣದ ಚಿತ್ರವನ್ನೇ ತೆಗೆದು ವಿಚಾರಿಸುವರು.